ಸಖೂಬಾಯಿಯ ಕಾಮಣಿ ಔಷಧ

ಹೊನವಾಡದಲ್ಲಿ ಯಾರಿಗಾದರೂ ಕಾಮಣಿಯಾಗಿ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ಸಖೂಬಾಯಿ. ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಸೊಪ್ಪು ಅರೆದು, ಮಜ್ಜಿಗೆಯಲ್ಲಿ ಕದಡಿ ಕುಡಿಸುತ್ತಿದ್ದಳು. ಸೊಪ್ಪಿನ ಹೆಸರು ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ಗುಣ ಹೋಗುತ್ತದೆಂದು ಅತ್ತೆ ಆಣೆ ಹಾಕಿಸಿದ್ದಳು. ಅದು ನೆಲನೆಲ್ಲಿ ಎಂದು ಊರಿಗೆಲ್ಲ ಗೊತ್ತಿತ್ತು. ಆದರೂ ಅವಳೆದುರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಅಷ್ಟು ಮರ್ಯಾದೆ ಅವಳಿಗೆ.

ಸೊಪ್ಪು ತರುತ್ತಿದ್ದ ಹಳ್ಳದ ದಂಡೆಯವರೆಗೆ ನಡೆಯಲು ಈಗ ಮೊಣಕಾಲು ಬಿಡುತ್ತಿರಲಿಲ್ಲ. ಆ ಭಾನುವಾರ ಮನೆ ಹಿಂದಿನ ದ್ರಾಕ್ಷಿ ತೋಟದ ಬದುವಿನಲ್ಲೇ ಸೊಪ್ಪು ಕಿತ್ತಳು. ಮೂಗಿಗೆ ಹಿಡಿದಾಗ ದ್ರಾಕ್ಷಿಗೆ ಹೊಡೆದ ಕೀಟನಾಶಕದ ಘಾಟು ಬಂತು. ಬಾಗಿಲಲ್ಲಿ ಮಕ್ತುಮಬಿ ತನ್ನ ಸೊಸೆ ನಿಖತಳನ್ನು ಕರೆತಂದು ಕಾಯುತ್ತಿದ್ದಳು. ಇವತ್ತು ಔಷಧವಿಲ್ಲ ಎಂದು ಹೇಳಲು ಸಖೂಬಾಯಿಗೆ ದೊಡ್ಡಸ್ತಿಕೆ ಅಡ್ಡ ಬಂತು. ನೀರಲ್ಲಿ ಜಾಲಿಸಿ ಅರೆದುಬಿಟ್ಟಳು.

ಮಧ್ಯಾಹ್ನದೊಳಗೆ ನಿಖತಳಿಗೆ ವಾಂತಿ ಹಿಡಿಯಿತು, ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ವಿಜಯಪುರದ ಆಸ್ಪತ್ರೆಗೆ ಒಯ್ದರು. ಸಖೂಬಾಯಿಯೂ ಬಸ್ಸು ಹಿಡಿದು ಹಿಂದೆಯೇ ಹೋದಳು.

"ಏನ್ ಕುಡಿಸೀರಿ ಇವರಿಗೆ?" ಡಾಕ್ಟರು ಹೊರಗೆ ಬಂದು ಕೇಳಿದರು.

ಮಕ್ತುಮಬಿಯೇ ಮುಂದಾದಳು. "ಸಖೂಬಾಯಿ ಔಷಧದಿಂದ ಏನೂ ಆಗಿಲ್ರಿ ಸಾಹೇಬ್ರ. ನನ್ನ ಮಗನ್ನ ಉಳಿಸಿದಾಕಿ ಈಕೀನ. ತಂಗಳಾ ಏನರ ತಿಂದಿರಬೇಕು ಈ ಹುಡುಗಿ."

ಸಖೂಬಾಯಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು, ಹುಡುಗಿ ಉಳಿಯುತ್ತಿರಲಿಲ್ಲ. ಇಷ್ಟು ಗೊತ್ತಿದ್ದೂ ಒಂದು ಗಳಿಗೆ ಸುಮ್ಮನೇ ನಿಂತಳು ಆ ಮುದುಕಿ. ಅದನ್ನು ಮುಚ್ಚಿಟ್ಟು ಬರೆಯಲು ನನಗಾಗದು.

"ನೆಲನೆಲ್ಲಿರಿ," ಎಂದಳು ಕೊನೆಗೆ.

"ನೆಲನೆಲ್ಲಿಗೆ ಹಿಂಗ ಆಗೂದಿಲ್ಲ. ಎಲ್ಲಿ ಕಿತ್ತಿದ್ರಿ?"

"ದ್ರಾಕ್ಷಿ ತ್ವಾಟದ ಬದುವಿನ್ಯಾಗ. ಹುಳಕ್ಕ ಎಣ್ಣಿ ಹೊಡದಿದ್ರು. ವಾಸನಿ ಬಂದಿತ್ರಿ. ಗೊತ್ತಿದ್ದೂ ಕುಡಿಸೇನಿ."

ಡಾಕ್ಟರು ಒಳಗೆ ಓಡಿದರು. ಮಕ್ತುಮಬಿ ಅವಳ ಮುಖ ನೋಡಿದಳೇ ಹೊರತು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಿಖತ ಬದುಕಿದಳು. ಅವಳು ಮನೆಗೆ ಮರಳಿದ ಮೇಲಿನ ಒಂದು ಭಾನುವಾರ, ಬಾಗಿಲು ಮುಚ್ಚಿಕೊಂಡು ಕುಳಿತಿದ್ದ ಸಖೂಬಾಯಿಯ ಮನೆಗೆ ಮಕ್ತುಮಬಿ ಮತ್ತೆ ಬಂದಳು, ಕಣ್ಣು ಹಳದಿಯಾಗಿದ್ದ ತಂಗಿಯ ಮಗಳ ಕೈ ಹಿಡಿದುಕೊಂಡು.

"ದವಾಖಾನಿಗೆ ಕರಕೊಂಡು ಹೋಗ ಬೇ," ಎಂದಳು ಸಖೂಬಾಯಿ.

"ಯಾಕ? ಅಷ್ಟ ಮಂದ್ಯಾಗ ಖರೇ ಹೇಳಿದಿ. ನಿನ್ನ ಮ್ಯಾಲ ನನಗ ನಂಬಿಗಿ ಐತಿ."

"ನನಗ ಇಲ್ಲ."

ಸೆರಗು ಹೊದ್ದು, ಇಬ್ಬರನ್ನೂ ಕರೆದುಕೊಂಡು ತಾನೇ ಬಸ್ಸು ಹತ್ತಿದಳು. ಆಸ್ಪತ್ರೆಯವರೆಗೂ ತಲೆ ಎತ್ತಲಿಲ್ಲ.