ಆಯಿಯ ಚೌತಿ

ಆಯಿಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿಕೊಂಡಿತ್ತು. ಎಂದೋ ಬಿದಿರು ಸೀಳುವಾಗ ಕತ್ತಿ ತಾಗಿತ್ತಂತೆ, ಆಮೇಲೆ ಅದು ಕೂಡಿಕೊಳ್ಳಲೇ ಇಲ್ಲ. ಆ ಸೀಳಿನಲ್ಲಿ ಬಾಳೆನಾರು ಸಿಕ್ಕಿಸಿ ಹಿಡಿದು, ಎರಡೇ ಸುತ್ತಿಗೆ ಗಂಟು ಹಾಕಿಬಿಡುತ್ತಿದ್ದಳು. ಅಷ್ಟು ಬಿಗಿಯಾದ ಗಂಟನ್ನು ನಾನು ಮತ್ತೆ ಯಾರ ಕೈಯಲ್ಲೂ ನೋಡಿಲ್ಲ.

ಗೋವಾ ಗಡಿಯ ಹತ್ತಿರದ ರಾಮನಗರದಲ್ಲಿ ನಮ್ಮದು ಅವಳದು ಅಕ್ಕಪಕ್ಕದ ಮನೆ. ಅವಳ ಮಗನಂತೆ ಓಣಿಯವರೆಲ್ಲ ಅವಳನ್ನು ಆಯಿ ಎಂದೇ ಕರೆಯುತ್ತಿದ್ದರು. ಅಪ್ಪ ಅಲ್ಲಿನ ಶಾಲೆಗೆ ಮಾಸ್ತರರಾಗಿ ಧಾರವಾಡದ ಕಡೆಯಿಂದ ಬಂದಿದ್ದರು. ಆಯಿ ಬಂದದ್ದು ಸೂಪಾದ ಹತ್ತಿರದ ಒಂದು ಹಳ್ಳಿಯಿಂದ. ಕಾಳಿ ಹೊಳೆಗೆ ಆಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಆ ಊರು ಮುಳುಗಿತು. ಮನೆ ಕಳೆದುಕೊಂಡವರಿಗೆ ರಾಮನಗರದಲ್ಲಿ ಜಾಗ ಕೊಟ್ಟರು. ಅವಳ ಜೊತೆ ಇದ್ದವನು ಮಗ ಒಬ್ಬನೇ, ಗೋವಾಕ್ಕೆ ಹೋಗುವ ಲಾರಿಯ ಡ್ರೈವರ್.

ಮನೆಮಾತು ಕೊಂಕಣಿಯಾದರೂ ನಮ್ಮ ಜೊತೆ ನಮ್ಮಂತೆಯೇ ಮಾತಾಡುತ್ತಿದ್ದಳು. ನನ್ನನ್ನು ಮಾತ್ರ, ಕೊಂಕಣಿಯಲ್ಲಿ ಹುಡುಗಿಯರನ್ನು ಕರೆಯುವಂತೆ, 'ಬಾಯ್' ಎನ್ನುತ್ತಿದ್ದಳು. ಅಪ್ಪ ಸಂಜೆ ಕಟ್ಟೆಯ ಮೇಲೆ ಪೇಪರು ಬಿಡಿಸಿದರೆ ಸಾಕು, ಬೇಲಿಯ ಆಚೆಯಿಂದ ಅವಳ ಪ್ರಶ್ನೆ ಬರುತ್ತಿತ್ತು: "ಮಾಸ್ತರ, ಡ್ಯಾಮಿನ ನೀರು ಎಷ್ಟಕ್ಕ ಬಂತಂತ ಬರದಾರೇನ್ರಿ?" ಬೇಸಿಗೆಯಲ್ಲಿ "ಕಡಿಮಿ ಆಗೇತ್ರಿ ಆಯಿ" ಎಂದ ದಿನ ಅವಳು ಎರಡು ತುತ್ತು ಹೆಚ್ಚು ಉಣ್ಣುತ್ತಾಳೆಂದು ಮಗ ನಗುತ್ತಿದ್ದ.

ನಾವು ಆ ಊರಿಗೆ ಬಂದ ಮೊದಲ ವರ್ಷ ಚೌತಿಯ ದಿನ ಅವಳ ಮನೆಗೆ ಕುಂಕುಮಕ್ಕೆಂದು ಅವ್ವ ನನ್ನನ್ನು ಕರೆದುಕೊಂಡು ಹೋದಳು. ಮೇಲೆ, ಅವಳ ಆ ಬಾಳೆನಾರಿನ ಗಂಟುಗಳಲ್ಲೇ, ಫಲಾವಳಿ ಕಟ್ಟಿತ್ತು. ಬಿದಿರಿನ ಚೌಕಟ್ಟಿಗೆ ಹಸಿ ಅಡಿಕೆ, ಎಳೆಸೌತೆ, ಹಾಗಲ, ಮಾವಿನೆಲೆ, ನನಗೆ ಹೆಸರೂ ಗೊತ್ತಿಲ್ಲದ ಕಾಡುಕಾಯಿಗಳು ತೂಗುತ್ತಿದ್ದವು. ಇಡೀ ಮನೆ ಹಸಿ ಎಲೆಯ ವಾಸನೆ. ಕೆಳಗೆ ರಂಗೋಲಿ, ದೀಪ, ಮಣೆ. ಮಣೆಯ ಮೇಲೆ ಮಾತ್ರ ಏನೂ ಇರಲಿಲ್ಲ. ಆ ಖಾಲಿ ಮಣೆಗೇ ಆಯಿ ನೆವ್ರಿಯ ನೈವೇದ್ಯ ತೋರಿಸುತ್ತಿದ್ದಳು. ನೆವ್ರಿ ಎಂದರೆ ನಮ್ಮ ಕರ್ಜಿಕಾಯಿಯೇ.

"ಆಯಿ, ಗಣಪತಿ ಎಲ್ಲದಾನ್ರಿ?" ಎಂದಳು ಅವ್ವ.

"ಅಲ್ಲೇ ಅದಾನ, ಊರಾಗ. ನಮ್ಮ ಗಣಪತೀನ ನಮ್ಮ ಹೊಳಿದಂಡಿ ಮಣ್ಣಾಗ ಮಾಡ್ತಿದ್ರವಾ. ಆ ಮಣ್ಣು ನೀರಾಗ ಹೋತು. ಬ್ಯಾರೆ ಮಣ್ಣಿಂದು ತಂದರ ಅವಗೂ ನನ್ನ ಗುರುತು ಹತ್ತೂದಿಲ್ಲ, ನನಗೂ ಅವನ ಗುರುತು ಹತ್ತೂದಿಲ್ಲ."

ಅವ್ವ ಕುಂಕುಮ ಹಚ್ಚಿಸಿಕೊಂಡು ಬೇಗ ಎದ್ದಳು. ಮನೆಗೆ ಬಂದವಳೇ, "ಖಾಲಿ ಮಣಿಗೆ ಯಾರರ ಆರತಿ ಎತ್ತತಾರೇನು? ಹಬ್ಬದ ದಿನ ಇಂಥಾದ್ದು ಕಣ್ಣಿಗೆ ಬೀಳಬಾರದು" ಎಂದು, ಆಯಿ ಕೊಟ್ಟ ನೆವ್ರಿಗಳನ್ನು ಆಕಳಿಗೆ ಹಾಕಿದಳು. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಆಯಿ ಅದನ್ನು ನೋಡಿದಳು. ಆದರೂ ಮರುವರ್ಷ ಮತ್ತೆ ನೆವ್ರಿಯ ತಾಟಿಗೆ ಬಾಳೆಲೆ ಮುಚ್ಚಿ ಕಳಿಸಿದಳು.

ಅದರ ಮರುವರ್ಷ ನನಗೆ ಹನ್ನೊಂದು. ಶಾಲೆಯಲ್ಲಿ ಅಪ್ಪ ನಮ್ಮಿಂದ ಮಣ್ಣಿನ ಗಣಪತಿ ಮಾಡಿಸಿದ್ದರು. ನನ್ನದರ ಸೊಂಡಿಲು ಮುರಿದಿತ್ತು, ಮತ್ತೆ ಅಂಟಿಸಿದ್ದೆ. ಓಣಿಯ ಮನೆಮನೆಯಲ್ಲೂ ಗಣಪತಿ ಇದ್ದಾನೆ, ಆಯಿಗೆ ಮಾತ್ರ ಇಲ್ಲ ಎಂಬುದು ನನಗೆ ಸರಿಬರಲಿಲ್ಲ. ಚೌತಿಯ ಬೆಳಿಗ್ಗೆ ಅವಳು ಬಾವಿಗೆ ಹೋದ ಹೊತ್ತು ನೋಡಿ ಒಳಗೆ ಹೊಕ್ಕು, ನನ್ನ ಗಣಪತಿಯನ್ನು ಆ ಮಣೆಯ ಮೇಲೆ ಇಟ್ಟು, ದಾಸವಾಳದ ಹೂ ಏರಿಸಿ, ಅವಳು ಎಷ್ಟು ಖುಷಿಪಡುತ್ತಾಳೆಂದು ನೋಡಲು ಅಲ್ಲೇ ನಿಂತೆ.

ಆಯಿ ತುಂಬಿದ ಕೊಡ ಸೊಂಟದಲ್ಲೇ ಇಟ್ಟುಕೊಂಡು ಹೊಸ್ತಿಲಲ್ಲಿ ನಿಂತುಬಿಟ್ಟಳು. ಹಿಂದೆ ಬಂದ ಮಗ ನೋಡಿ, "ಯಾರ ಕೇಳಿ ಇಟ್ಟಿ? ತಗೊಂಡ್ ಹೋಗು!" ಎಂದು ಗದರಿದ. ನನಗೆ ಅಳು ಬಂತು.

"ಸುಮ್ಮನಿರು" ಎಂದಳು ಆಯಿ ಅವನಿಗೆ. ಕೊಡ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಹತ್ತಿರ ಕೂತಳು. "ನೀನ ಮಾಡಿದ್ದೇನು ಬಾಯ್? ನಿಮ್ಮ ಮನ್ಯಾಗ ಎಷ್ಟು ದಿನ ಇಡತೀರಿ?"

"ಐದು ದಿನ."

"ಹಂಗಾರ ಐದು ದಿನ ಇರ್ಲಿ. ಬಂದಾವನ್ನ ಹೊರಗ ಹಾಕೂದು ಬ್ಯಾಡ."

ನನ್ನ ಗಣಪತಿಯನ್ನು ಎತ್ತಿ ಪಕ್ಕದಲ್ಲಿ ಒಂದು ಸ್ಟೂಲಿನ ಮೇಲೆ ಬಟ್ಟೆ ಹಾಸಿ ಕೂರಿಸಿದಳು. ತನ್ನ ಮಣೆ ಮತ್ತೆ ಖಾಲಿ. ಆಮೇಲೆ ಬೇಲಿಯ ಹತ್ತಿರ ಹೋಗಿ ಅವ್ವನನ್ನು ಕೂಗಿದಳು: "ಮಾಸ್ತರ್ ಬಾಯಾರ, ನಿಮ್ಮ ಗಣಪತಿ ನಮ್ಮ ಮನಿಗೆ ಬಂದಾನ್ರಿ. ಅವಗ ಏನು ಉಣಸಬೇಕು, ನನಗ ತಿಳಿಯಂಗಿಲ್ಲ. ಬಂದು ಹೇಳ್ರಿ."

ಅವ್ವ ಕಡುಬಿನ ತಾಟು ಹಿಡಿದು ಬಂದಳು. ಎರಡನ್ನೂ ನೋಡಿದಳು, ಸ್ಟೂಲಿನ ಮೇಲಿನ ನನ್ನ ಸೊಟ್ಟ ಸೊಂಡಿಲಿನ ದೇವರನ್ನೂ, ಖಾಲಿ ಮಣೆಯನ್ನೂ. ಐದೂ ದಿನ ಆಯಿ ನನ್ನ ಗಣಪತಿಗೆ ನಮ್ಮ ಪದ್ಧತಿಯಂತೆ ಕಡುಬು ತೋರಿಸಿದಳು, ತನ್ನ ಮಣೆಗೆ ತನ್ನ ಪದ್ಧತಿಯಂತೆ ನೆವ್ರಿ.

ಐದನೆಯ ದಿನ ಸಂಜೆ ಕೆರೆಗೆ ಹೊರಟೆವು. "ಬರ್ರಿ ಆಯಿ, ಹೋಗೂಣು" ಎಂದು ಕೈ ಜಗ್ಗಿದೆ. ಅವಳು ಬಾಗಿಲ ಚೌಕಟ್ಟು ಬಿಡಲಿಲ್ಲ.

"ಇಲ್ಲ ಬಾಯ್, ನೀರಿಗೆ ಬಿಡೂದು ನನ್ನ ಕೈಲೆ ಆಗಂಗಿಲ್ಲ. ಒಂದ ಸಲ ಬಿಟ್ಟೇನಿ, ಸಾಕಾಗೇತಿ."

ನಾನು ಏನು ಮಾಡಿದೆನೆಂದು ನನಗೆ ತಿಳಿದದ್ದು ಆಗ. ಖುಷಿಪಡಿಸಲು ಹೋಗಿ, ಅವಳ ಮನೆಯಿಂದ ಮತ್ತೊಬ್ಬನನ್ನು ನೀರಿಗೆ ಹೊರಡಿಸಿದ್ದೆ. ಕೆರೆಯಿಂದ ಮನೆಗೆ ಬಂದ ಮೇಲೆ ಅವ್ವ, ಆಯಿ ಕೊಟ್ಟಿದ್ದ ನೆವ್ರಿ ಒಂದನ್ನು ಮುರಿದು ಅರ್ಧ ತಾನು ತಿಂದು, ಇನ್ನರ್ಧ ನನ್ನ ಕೈಗಿಟ್ಟಳು. ಮರುವರ್ಷದಿಂದ ಫಲಾವಳಿಗೆ ಬೇಕಾದ ಕಾಯಿಗಳನ್ನು ಸಂತೆಯಲ್ಲಿ ಹುಡುಕಿ ತರುವುದು ಅವ್ವನ ಕೆಲಸವಾಯಿತು. ಓಣಿಯವರು ಯಾರಾದರೂ ಮಣೆಯ ಮಾತೆತ್ತಿದರೆ, "ಅದು ಅವರ ಹಬ್ಬ ರೀ, ಅವರು ಮಾಡಿದಂಗ ಮಾಡ್ಲಿ" ಎಂದುಬಿಡುತ್ತಿದ್ದಳು.

ಮುಂದೆ ಅಪ್ಪನಿಗೆ ಹಳಿಯಾಳಕ್ಕೆ ವರ್ಗವಾಯಿತು. ಆಯಿಯ ಮಗ ಮದುವೆಯಾದ, ಮಕ್ಕಳಾದವು ಎಂಬ ಸುದ್ದಿ ಬರುತ್ತಿತ್ತು. ನಾನು ಕಾಲೇಜಿನಲ್ಲಿದ್ದಾಗ ಒಂದು ಮಳೆಗಾಲದ ಮೊದಲಲ್ಲಿ ಅವನ ಕಾಗದ ಬಂತು, ಆಯಿ ಹೋದಳೆಂದು. ಕಾಗದ ತಲುಪುವ ಹೊತ್ತಿಗೆ ದಿನಕರ್ಮಗಳೂ ಮುಗಿದಿದ್ದವು. ಮುಂದಿನ ವರ್ಷದ ಚೌತಿಗೆ ಅವ್ವ ತಾನಾಗಿಯೇ ರಾಮನಗರಕ್ಕೆ ಹೊರಟಳು, ನಾನೂ ಹೋದೆ.

ಮನೆ ತುಂಬ ಬಣ್ಣದ ಕಾಗದ, ಮಿಣಮಿಣ ಲೈಟಿನ ಸರ. ನಡುವೆ ಬೆಳಗಾವಿಯಿಂದ ತಂದ ದೊಡ್ಡ ಗುಲಾಬಿ ಬಣ್ಣದ ಗಣಪತಿ. ಒಂದೇ ವರ್ಷಕ್ಕೆ ಅವಳನ್ನು ಅಳಿಸಿಬಿಟ್ಟನಲ್ಲ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವನಿಗೆ ಅದು ತಿಳಿಯಿತೇನೋ.

"ಆಯಿನ ಹೇಳಿದ್ಲು ವೈನಿ" ಎಂದ, ಅವ್ವನ ಕಡೆ ನೋಡಿ. "ನನ್ನ ದುಃಖ ನನ್ನ ಕೂಡ ಹೋಗ್ಲಿ, ಹುಡುಗರ ಸಂಗಾಟ ನಿನಗ ಬೇಕಾದಂಗ ಹಬ್ಬ ಮಾಡು ಅಂದ್ಲು. ಎಷ್ಟು ವರ್ಷದಿಂದ ತರಬೇಕು ಅಂತ ಆಸೆ ಇತ್ರಿ ನನಗ. ಆಕಿ ಇರೂತನಾ ಬಾಯಿ ಬಿಡಲಿಲ್ಲ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, "ಛಲೋ ಮಾಡಿದೆಪಾ" ಎಂದಳು.

ಅವನ ಸಣ್ಣ ಮಗಳು ನನ್ನ ಕೈ ಹಿಡಿದು ಕೇಳಿದಳು, "ಅಕ್ಕಾ, ನಮ್ಮ ಗಣಪತಿ ಚಂದ ಅದಾನಿಲ್ಲೋ?"

"ಭಾಳ ಚಂದ ಅದಾನ" ಎಂದೆ. ಅದು ಸುಳ್ಳಾಗಿರಲಿಲ್ಲ. ಅವರ ಜೊತೆ ಚಪ್ಪಾಳೆ ತಟ್ಟಿ ದನಿಯೆತ್ತಿ ಆರತಿ ಹಾಡಿದೆ. ಹಾಡುತ್ತಲೇ, ಮುಗಿಯುವವರೆಗೂ, ಅಂದು ಆಯಿ ಚೌಕಟ್ಟು ಹಿಡಿದು ನಿಂತಿದ್ದ ಬಾಗಿಲ ಕಡೆ ನೋಡುತ್ತಿದ್ದೆ.