ಮೂಲೆಯ ಕೆಳಗಿನ ಬಟ್ಟೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಬೇರೆ ಬಡಗಿಗಳು ಮರ ಸರಿಯಿಲ್ಲ, ಉಳಿ ಸರಿಯಿಲ್ಲ ಎಂದು ಗೊಣಗಿದಾಗಲೆಲ್ಲ ಮೇಸ್ತ್ರಿ ಈ ಗಾದೆ ಎಸೆದು ನಗುತ್ತಿದ್ದ. ನಗುವ ಹಕ್ಕು ಅವನಿಗಿತ್ತು. ಅವನು ಮಾಡಿದ ಬೀರುವಿನ ಬಾಗಿಲು ಒಂದು ಬೆರಳಿಗೆ ತೆರೆದುಕೊಳ್ಳುತ್ತಿತ್ತು, ಒಂದು ಬೆರಳಿಗೆ ಮುಚ್ಚಿಕೊಳ್ಳುತ್ತಿತ್ತು.

ಮರದ ಕೆಲಸ ಅವನದು, ಪಾಲಿಶ್ ಹೆಂಡತಿಯದು. ಮದುವೆಯಾದಂದಿನಿಂದ ಹಾಗೇ ನಡೆದುಬಂದಿತ್ತು. ಗಿರಾಕಿಗಳು ಮಾತ್ರ ಹೊಳಪನ್ನೂ ಸೇರಿಸಿ ‘ಮೇಸ್ತ್ರಿ ಕೆಲಸ’ ಎನ್ನುತ್ತಿದ್ದರು.

ಹಲ್ಲಿನ ಡಾಕ್ಟರಮ್ಮ ಪುಸ್ತಕದ ಕಪಾಟು ಮಾಡಿಸಲು ಬಂದಾಗ, ಅಂಗಳದಲ್ಲಿ ಒಣಗುತ್ತಿದ್ದ ಒಂದು ಸ್ಟೂಲಿನ ಮೇಲೆ ಕೈಯಾಡಿಸಿ ಕೇಳಿದರು: “ಇದು ಯಾರ ಕೈ?”

“ನಂದು,” ಎಂದಳು ಹೆಂಡತಿ.

“ಹಾಗಾದ್ರೆ ಕಪಾಟು ಮುಗೀಲಿ. ನಮ್ಮ ಕ್ಲಿನಿಕ್ಕಿನ ಬೆಂಚುಗಳಿಗೆಲ್ಲ ನೀವೇ ಪಾಲಿಶ್ ಮಾಡಬೇಕು.”

ಅವಳನ್ನೇ ಹುಡುಕಿಕೊಂಡು ಬಂದ ಮೊದಲ ಕೆಲಸ ಅದು. ಆ ವಾರವೆಲ್ಲ ಅವಳು ಬ್ರಷ್ಷುಗಳನ್ನು ತೊಳೆದದ್ದೇ ತೊಳೆದದ್ದು.

ಕಪಾಟು ಚೆನ್ನಾಗಿಯೇ ಎದ್ದಿತು. ಪುಸ್ತಕದ ಭಾರಕ್ಕೆ ಬಗ್ಗದಂತೆ ಹಲಗೆಗಳ ಅಂಚಿಗೆ ದಪ್ಪ ಪಟ್ಟಿ ಕೊಟ್ಟಿದ್ದ. ಎಡವಟ್ಟಾದದ್ದು ಬಾಗಿಲಿನಲ್ಲಿ. ಚೌಕಟ್ಟಿಗೆ ಗೋಂದು ಹಾಕಿ ಬಿಗಿದ ಕೂಡಲೇ ಅದರ ಎರಡು ತುದಿಗೆ ಎರಡು ನೇರ ಪಟ್ಟಿ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಬೇಕು. ಪಟ್ಟಿಗಳು ಒಂದಕ್ಕೊಂದು ಸಮನಾಗಿ ಕಂಡರೆ ಚೌಕಟ್ಟು ಚಪ್ಪಟೆ, ಇಲ್ಲದಿದ್ದರೆ ಅದು ತಿರುಚಿದೆ. ಗೋಂದು ಹಸಿಯಿರುವಾಗ ಒತ್ತಿ ಸರಿಪಡಿಸಬಹುದು, ಒಣಗಿದ ಮೇಲೆ ಆಗದು. ಅಂದು ಮೇಜಿನ ತುಂಬ ಹಲಗೆಗಳಿದ್ದವು. ಆದ್ದರಿಂದ ಅವನು ಚೌಕಟ್ಟನ್ನು ನೆಲದ ಮೇಲೆ ಬಿಗಿದ. ಅಷ್ಟರಲ್ಲಿ ಪಕ್ಕದಂಗಡಿಯ ದರ್ಜಿ ಕಪಾಟು ನೋಡಲು ಬಂದ. ಹೊಗಳಿಕೆ ಕೇಳುತ್ತ ಕೇಳುತ್ತ ಪಟ್ಟಿ ಇಟ್ಟು ನೋಡುವುದು ಮರೆತುಹೋಯಿತು.

ಬೆಳಿಗ್ಗೆ ನೋಡಿದಾಗ ಒಂದು ಮೂಲೆ ಎದ್ದಿತ್ತು. ಬಿಜಾಗರಿ ಬಿಗಿದರೆ ತಾನಾಗಿ ಕೂರುತ್ತದೆ ಎಂದುಕೊಂಡು ಪಾಲಿಶ್‌ಗೆ ಕೊಟ್ಟುಬಿಟ್ಟ.

ಅದು ಕೂರಲಿಲ್ಲ. ಡಾಕ್ಟರಮ್ಮನ ಮನೆಯಲ್ಲಿ ಬಾಗಿಲು ಮುಚ್ಚಿದರೆ ಕೆಳಗಿನ ಮೂಲೆ ಹೊರಗೇ ಇಣುಕುತ್ತಿತ್ತು.

“ಏನ್ ಮೇಸ್ತ್ರಿ, ಇದಕ್ಕೆ ಹಲ್ಲುಬ್ಬಾ? ತಂತಿ ಹಾಕಬೇಕಾ?” ಎಂದು ಡಾಕ್ಟರಮ್ಮ ನಕ್ಕರು.

ಹೆಂಡತಿ ಪಕ್ಕದಲ್ಲೇ ನಿಂತಿದ್ದಳು. ಅವನ ನಾಲಿಗೆ ಅವನಿಗಿಂತ ಮುಂದೆ ಓಡಿತು. “ಪಾಲಿಶ್ ಜಾಸ್ತಿ ಕುಡಿಸಿಬಿಟ್ಟಿದಾಳೆ ಮೇಡಂ. ಮರ ತಿರುಚಿಕೊಂಡಿದೆ.”

ಡಾಕ್ಟರಮ್ಮ ಅವಳ ಮುಖ ನೋಡಿದರು. ಅವಳು ನೆಲ ನೋಡಿದಳು.

“ಹಾಗಾದ್ರೆ ಬೆಂಚಿನ ಕೆಲಸ ಸದ್ಯಕ್ಕೆ ಬೇಡ,” ಎಂದರು ಅವರು.

ಬಾಗಿಲು ಕಳಚಿ ಮನೆಗೆ ತಂದರು. ಅವಳು ಪಾಲಿಶ್ ಕೆರೆಯಲು ಬಾಗಿಲನ್ನು ತನ್ನ ಮೇಜಿನ ಮೇಲೆ ಮಲಗಿಸಿದಳು. ಹಳೆಯ ಬಟ್ಟೆಯೊಂದನ್ನು ಮಡಿಸಿ, ಯಾವ ಮೂಲೆಯೆಂದು ನೋಡದೆಯೇ, ಎದ್ದಿದ್ದ ಮೂಲೆಯ ಕೆಳಗೇ ಸರಿಯಾಗಿ ತಳ್ಳಿದಳು.

ಮೇಸ್ತ್ರಿ ಆ ಬಟ್ಟೆಯನ್ನೇ ನೋಡಿದ.

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಉಪ್ಪುಕಾಗದ ಉಜ್ಜೋವಾಗ್ಲೇ ಮೇಜಿನ ಮೇಲೆ ಟಕ್ ಟಕ್ ಅಂತಿತ್ತಲ್ಲ. ಬ್ರಷ್ ಮುಟ್ಟಿಸೋ ಮುಂಚೆನೇ.”

“ಅಲ್ಲಿ ಯಾಕೆ ಹೇಳ್ಲಿಲ್ಲ?”

“ನೀವು ಹೇಳ್ತೀರಿ ಅಂತ ಕಾದೆ ಕಣ್ರೀ.”

ಅವಳು ಬೈದಿದ್ದರೆ ಎದುರಾಡಲು ಅವನಿಗೊಂದು ದಾರಿಯಾದರೂ ಇರುತ್ತಿತ್ತು. ತಲೆ ತಗ್ಗಿಸಿ ಹೊಸ ಚೌಕಟ್ಟು ಮಾಡಲು ಕೂತ. ದರ್ಜಿ ಬಂದು ಬಾಗಿಲಲ್ಲಿ ನಿಂತಾಗಲೂ ತಲೆ ಎತ್ತಲಿಲ್ಲ.

ಚೌಕಟ್ಟು ಒಣಗಿದ ಮೇಲೆ ಹಳೆಯ ಬಾಗಿಲನ್ನು ಹೊತ್ತು ಒಬ್ಬನೇ ಡಾಕ್ಟರಮ್ಮನ ಮನೆಗೆ ಹೋದ. ಅವರ ಊಟದ ಮೇಜಿನ ಮೇಲೆ ಅದನ್ನಿಟ್ಟು ಒಂದು ಮೂಲೆ ಒತ್ತಿದ. ಇನ್ನೊಂದು ಎದ್ದಿತು. ಟಕ್.

“ಇದು ನನ್ನ ತಪ್ಪು ಮೇಡಂ. ಪಾಲಿಶ್ ಏನೂ ಮಾಡಿಲ್ಲ. ಅವತ್ತು ನಾನು ಸುಳ್ಳು ಹೇಳ್ದೆ.”

ಡಾಕ್ಟರಮ್ಮ ತಾವೂ ಒಮ್ಮೆ ಒತ್ತಿ ನೋಡಿದರು. “ಸುಳ್ಳು ಹೇಳೋವಾಗ ಅವರು ನಿಮ್ಮ ಪಕ್ಕದಲ್ಲಿದ್ರು. ನಿಜ ಹೇಳೋವಾಗ ಎಲ್ಲಿ?”

ಅವನ ಕಿವಿಯವರೆಗೂ ಬಿಸಿಯೇರಿತು. ಬಾಗಿಲನ್ನು ಮತ್ತೆ ಹೆಗಲಿಗೇರಿಸಿದ. ಬೀದಿಯಲ್ಲಿ ಅದು ಬರುವಾಗ ಇದ್ದದ್ದಕ್ಕಿಂತ ಭಾರವಾಗಿತ್ತು.

ಹೆಂಡತಿ ಹೊಸ ಚೌಕಟ್ಟಿನ ಕೊನೆಯ ಅಂಚನ್ನು ಉಜ್ಜುತ್ತಿದ್ದಳು. ಮೇಜಿನ ಮೇಲೆ ಅದು ಮಿಸುಕುತ್ತಿರಲಿಲ್ಲ. ಮಡಿಸಿದ ಬಟ್ಟೆ ಗೂಟಕ್ಕೆ ನೇತುಬಿದ್ದಿತ್ತು.

“ಇನ್ನೊಂದ್ಸಲ ಹೋಗ್ಬೇಕು,” ಎಂದ. “ನೀನೂ ಬಾ. ನಿನ್ನ ಎದುರಿಗೇ ಹೇಳ್ಬೇಕು.”

“ಏನಂತ?”

“ನೆಲ ಡೊಂಕಿಲ್ಲ ಅಂತ.”

ಅವಳು ನಗಲಿಲ್ಲ. ಕೈಯ ಪುಡಿ ಕೊಡವಿಕೊಂಡಳು.

“ಬಾಗಿಲು ನೀವೇ ಹೊತ್ಕೊಳ್ಳಿ,” ಎಂದಳು. “ಬೆಂಚಿನ ಮಾತು ನಾನೇ ಆಡ್ತೀನಿ. ನೀವು ಮಧ್ಯೆ ಬಾಯಿ ಹಾಕ್ಬೇಡಿ.”