ಓರಗಿತ್ತಿ ಹೇಳಿದ ಕಿಟಕಿ

ಯಾರ ಮನೆಗೆ ಹೋದರೂ ಹೊಸಿಲಲ್ಲಿ ನಿಂತು, ಎರಡೂ ಕಡೆ ಮೂಗುತಿ ಇಟ್ಟ ಆ ಮೂಗನ್ನು ಅರಳಿಸಿ ಗಾಳಿ ಮೂಸುವುದು ನನ್ನ ಓರಗಿತ್ತಿಯ ಅಭ್ಯಾಸ. ಮೈದುನನ ಹೆಂಡತಿ ಅವಳು. ಮಾರಂಡಹಳ್ಳಿ ಪಕ್ಕದ ನಮ್ಮೂರಲ್ಲಿ ಎದುರುಬದುರು ಮನೆ. ಅವಳ ಮೂಗುತಿ ನನ್ನದಕ್ಕಿಂತ ದೊಡ್ಡದು, ಅದನ್ನೂ ಹೇಳಿಬಿಡುತ್ತೇನೆ.

ಕೆಲವು ವರ್ಷ ಏರ್ಕಾಡಿನ ಎಸ್ಟೇಟ್ ಬಂಗಲೆಯಲ್ಲಿ ಅಡುಗೆಗಿದ್ದಳು. ತೊಂಬತ್ತನೇ ಇಸವಿ ದಾಟಿ ಏಳೆಂಟು ವರ್ಷವಾದ ಮೇಲೆ ವಾಪಸ್ಸು ಬಂದಳು. ಬರುವಾಗ ಅಲ್ಲಿನ ಯಜಮಾನಿ ಅಮ್ಮ ಕೊಟ್ಟ ಎಂಟು ಮೂಲೆಯ ಕನ್ನಡಿ, ಗಾಳಿಗೆ ಕಿಣಿಕಿಣಿ ಅನ್ನುವ ಗಂಟೆ, ಬಾಯಲ್ಲಿ ಕಾಸು ಕಚ್ಚಿದ ಮೂರು ಕಾಲಿನ ಕಪ್ಪೆ ತಂದಳು. ಚೀನಾದವರ ಫೆಂಗ್ ಶೂಯಿ ಅಂತೆ ಅದು. ಊರ ಹೆಂಗಸರು ಅವಳ ಜಗಲಿ ಬಿಟ್ಟು ಏಳಲಿಲ್ಲ. ಹಿರಿಯಳು ನಾನು, ನನ್ನನ್ನು ಕೇಳುವವರಿಲ್ಲ.

“ಚೀನಾ ದೇವರಾ ಇದು?” ಅಂದಳು ಒಬ್ಬಳು.

“ದೇವರೂ ಅಲ್ಲ, ಮಂತ್ರಾನೂ ಅಲ್ಲ. ಗಾಳಿ, ನೀರು ಮನೇಲಿ ಎಂಗೆ ಓಡಾಡ್ತೈತೆ ಅಂತ ನೋಡೋದು,” ಅಂದಳು ಓರಗಿತ್ತಿ.

“ನಮ್ಮ ಮನೆಯಡಿ ಶಾಸ್ತ್ರದ ವಾಸ್ತು ಸಾಕಾಗ್ಲಿಲ್ವಾ?” ಅಂದೆ ನಾನು.

“ಅದೂ ಇದೂ ಓರಗಿತ್ತೀರು ಇದ್ದಂಗೆ ಅಕ್ಕ. ಮನೆ ಒಂದೇ, ಮಾತು ಬೇರೆ.”

“ಕಪ್ಪೆ ಇಟ್ರೆ ಕಾಸು ಬತ್ತೈತಾ?” ಅಂದಳು ಇನ್ನೊಬ್ಬಳು.

“ಕಪ್ಪೆ ಇಡಾಕೆ ಮೂಲೆ ಗುಡಿಸ್ತೀಯಲ್ಲ, ಅದೇ ಲಾಭ.”

ಎಲ್ಲರೂ ನಕ್ಕರು. ನನ್ನ ಸೊಸೆಯೂ ನಕ್ಕಳು. ಅದು ನನಗೆ ನಾಟಿತು.

ಸೊಸೆ ಆಗ ಏಳು ತಿಂಗಳ ಬಸುರಿ. ನಮ್ಮ ಅಡುಗೆಮನೆಗೆ ಕಿಟಕಿಯಿಲ್ಲ. ಒಲೆ ಹೊಗೆಗೆ ಕೆಮ್ಮಿ ಕೆಮ್ಮಿ ಅವಳ ಹೊಟ್ಟೆಯಲ್ಲಿ ಅನ್ನ ನಿಲ್ಲುತ್ತಿರಲಿಲ್ಲ. ಓರಗಿತ್ತಿ ಬಂದು ಮೂಸಿ, “ಪಡುವಲ ಗೋಡೆ ಒಡೆದು ಕಿಟಕಿ ಇಡ್ಸಕ್ಕ,” ಅಂದಳು. ನನಗೂ ಅದೇ ಅನ್ನಿಸಿತ್ತು. ಅವಳು ಹೇಳಿದ್ದರಿಂದ ಬೇಡ ಅಂದೆ.

ಆಮೇಲೆ ಕನ್ನಡಿ ಏರಿತು. ಅವಳ ಬಾಗಿಲ ಮೇಲೆ ದೃಷ್ಟಿಗೆ ಬೂದುಗುಂಬಳ ಕಟ್ಟಿತ್ತು. ಜಾಗವಿಲ್ಲದೆ ಕನ್ನಡಿಯನ್ನು ಜಗಲಿಯ ಕಂಬಕ್ಕೆ, ಸೊಂಟದೆತ್ತರಕ್ಕೆ ಮೊಳೆ ಹೊಡೆದು ಹಾಕಿದಳು. ಕೆಟ್ಟದ್ದನ್ನು ಬಂದ ಕಡೆಗೇ ಕಳಿಸುತ್ತದಂತೆ. ಅದು ನೋಡುತ್ತಿದ್ದದ್ದು ನನ್ನ ಬಾಗಿಲನ್ನು.

ನಮ್ಮ ಟಗರು ಇನ್ನೊಂದು ಟಗರನ್ನು ಕಂಡರೆ ಬಿಡುವಂಥದ್ದಲ್ಲ. ಒಂದು ಬೆಳಿಗ್ಗೆ ಅದರ ಹಗ್ಗ ಬಿಚ್ಚಿದೆ. ತಾನೇ ಕಿತ್ತುಕೊಂಡಿತು ಅಂತ ಊರಿಗೆ ಹೇಳಿದೆ, ಬಿಚ್ಚಿದವಳು ನಾನು. ಟಗರು ಕಂಬದ ಮುಂದೆ ನಿಂತು ಕನ್ನಡಿಯೊಳಗಿನ ಟಗರನ್ನು ನೋಡಿತು, ನಾಲ್ಕು ಹೆಜ್ಜೆ ಹಿಂದೆ ಸರಿದು ಗುದ್ದಿತು.

ಓರಗಿತ್ತಿ ಹೊರಗೆ ಬಂದು ಚೂರುಗಳನ್ನು ಆಯ್ದು ಸೆರಗಿಗೆ ಹಾಕಿಕೊಂಡಳು. ಗಾಯವಾಗಿದೆಯಾ ಅಂತ ಟಗರಿನ ಹಣೆ ಸವರಿದಳು. ತುಂಡು ಹಗ್ಗವೂ ಇಲ್ಲದ ಅದರ ಕತ್ತು ನೋಡಿದಳು, ಆಮೇಲೆ ನನ್ನ ಮುಖ.

“ಓಗ್ಲಿ ಬಿಡು ಅಕ್ಕ. ಒಡೀಬೇಕಾದ್ದು ನಿನ್ ಗೋಡೆ, ಒಡೆದಿದ್ದು ನನ್ ಕನ್ನಡಿ. ಕೋಪ ತೀರ್ತಲ್ಲ, ಈಗ ಅದನ್ನೂ ಒಡ್ಸು. ಆ ಎಣ್ಮಗಳು ಉಸಿರಾಡ್ಲಿ.”

ಎರಡು ದಿನ ಬಿಗಿದುಕೊಂಡಿದ್ದೆ. ಮೂರನೇ ದಿನ ಗೋಡೆ ಒಡೆಸಿದೆ. ಕೆಮ್ಮು ಇಳಿಯಿತು, ಸೊಸೆ ಎರಡು ಹೊತ್ತು ಉಂಡಳು, ಮೊಮ್ಮಗಳು ಗುಂಡಗುಂಡಗೆ ಹುಟ್ಟಿದಳು. ಮಗು ನೋಡಲು ಬಂದವರು ಕಿಟಕಿ ಯಾರ ಯೋಚನೆ ಅಂದರೆ “ನಂದೇ” ಅನ್ನುತ್ತಿದ್ದೆ. ಓರಗಿತ್ತಿ ಪಕ್ಕದಲ್ಲಿ ಕೂತಿದ್ದಾಗಲೂ ಅಂದಿದ್ದೇನೆ. ಅವಳು ವೀಳ್ಯದೆಲೆ ಮಡಚುತ್ತಾ ಹೌದೆಂಬಂತೆ ತಲೆಯಾಡಿಸಿದಳು.

ವರ್ಷಗಳಾದ ಮೇಲೆ ಅವಳಿಗೆ ಉಸಿರಿನ ತೊಂದರೆ ಬಂತು. ಕೊನೆಯ ದಿನಗಳಲ್ಲಿ ತಾನೇ ಕೇಳಿಕೊಂಡು ನಮ್ಮ ಮನೆಗೆ ಬಂದು ಆ ಕಿಟಕಿಯ ಕೆಳಗೆ ಮಲಗಿದಳು. ಪಡುವಲ ಗಾಳಿ ಬೀಸುತ್ತಿತ್ತು. ಮೂಗರಳಿಸಿ ಮೂಸಿದಳು.

“ಚೆನ್ನಾಗೈತೆ ಅಕ್ಕ, ನಿನ್ ಕಿಟಕಿ.”

ನಿಂದು ಕಣೇ ಅನ್ನಲು ಬಾಯಿ ತೆಗೆದೆ. ಹಾಳು ಹೊಟ್ಟೆಕಿಚ್ಚು, ಆಗಲೂ ಬಿಡಲಿಲ್ಲ.